ಅತ್ತಿಬೆಲೆ ಹತ್ತಿರ ನಿಂತಿದ್ದ ಲಾರಿ

ಸುದ್ದಗುಂಟೆಪಾಳ್ಯ,
೧೦ ಆಗಸ್ಟ್ ೨೦೨೫, ಭಾನುವಾರ ಮಧ್ಯಾಹ್ನ

ಮಗನೇ ಪ್ರಸನ್ನಾ,

ಹೇಗಿದ್ದೀಯ? ಬೆಳಗಾವಿಯಲ್ಲಿ ಮಳೆ ಬಿಟ್ಟೇ ಇಲ್ಲವೆಂದು ಟೀವಿಯಲ್ಲಿ ನೋಡಿದೆ. ಮಳೆಗಾಲ ಬಂದರೆ ನಿನಗೆ ಮೂಗು ಕಟ್ಟಿ ನಿದ್ದೆ ಬರುವುದಿಲ್ಲ. ಬಿಸಿನೀರಿಗೆ ನಾಲ್ಕು ಹನಿ ನೀಲಗಿರಿ ಎಣ್ಣೆ ಹಾಕಿ ಆವಿ ತೆಗೆದುಕೋ. ಮೆಸ್ಸಿನ ಜೋಳದ ರೊಟ್ಟಿ ಒಗ್ಗಿತೇ, ಇಲ್ಲ ಇನ್ನೂ ಮುದ್ದೆ ಬೇಕೆಂದು ಗೊಣಗುತ್ತಿದ್ದೀಯೋ? ಇವೆಲ್ಲ ಫೋನಿನಲ್ಲಿ ಕೇಳುವ ಮಾತುಗಳು. ಆದರೆ ಅಪ್ಪನ ನಂಬರಿನಿಂದ ಮಾಡಿದರೆ ನೀನು ಕಟ್ ಮಾಡುತ್ತೀಯ. ನನ್ನದರಿಂದ ಮಾಡಿದರೆ "ಡ್ಯೂಟೀಲಿದೀನಿ, ಆಮೇಲೆ ಮಾಡ್ತೀನಿ" ಎಂದು ಮೆಸೇಜ್ ಬರುತ್ತದೆ. ಆ ಆಮೇಲೆ ಇನ್ನೂ ಬಂದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ನಡುವೆ ಕಟ್ ಮಾಡಲು ಆಗುವುದಿಲ್ಲವಲ್ಲ.

ಕೊನೆಯ ಸಲ ನೀನು ಹೇಳಿದ್ದು ನನ್ನ ಕಿವಿಯಲ್ಲೇ ಇದೆ. "ಅಪ್ಪ ಹೈವೇಲಿ ಲಾರಿ ನಿಲ್ಸಿ ಟೀ ಕುಡೀತಿದ್ರು, ಚನ್ನವೀರನ ಕಾಲು ಹೋಯ್ತು. ಇನ್ನೇನಿದೆ ಮಾತಾಡೋದಕ್ಕೆ?" ಮಾತಾಡುವುದು ಬೇಕಾದಷ್ಟಿದೆ ಕಣೋ. ಚನ್ನವೀರ ನಿನಗೆ ಟ್ರೈನಿಂಗಿನಲ್ಲಿ ಪಕ್ಕದ ಮಂಚದವನು, ನಿನ್ನ ಹಾಗೆಯೇ ಪೊಲೀಸ್ ಡ್ರೈವರ್. ನನಗೆ ಭಾನುವಾರ ತಪ್ಪದೆ ಬಂದು ಕೋಳಿಸಾರಿಗೆ ಇನ್ನೊಂದು ಮುದ್ದೆ ಕೇಳುತ್ತಿದ್ದ ಹುಡುಗ. ನೀನು ಬೆಳಗಾವಿಗೆ ಹೋದ ಮೇಲೂ ಬರುವುದು ಬಿಟ್ಟಿರಲಿಲ್ಲ. ಅವನ ಜೀಪು ಹೋಗಿ ಹೋಗಿ ನಿಮ್ಮಪ್ಪನ ಲಾರಿಗೇ ಗುದ್ದಬೇಕೇ? ಆ ರಸ್ತೆಯಲ್ಲಿ ಅಷ್ಟೊಂದು ಲಾರಿ ನಿಂತಿದ್ದವು. ಇದನ್ನು ನೆನೆದಾಗಲೆಲ್ಲ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಅಡುಗೆ ಕೆಲಸಕ್ಕೆ ಹೋಗುವ ಪಿಜಿಯಲ್ಲಿ ಪಾತ್ರೆಗಳನ್ನು ಕುಕ್ಕುತ್ತೇನೆ. ಪಿಜಿಯ ಓನರಮ್ಮ ಎರಡು ಸಲ ಬಂದು ನೋಡಿ ಹೋದರು.

ಮೊದಲು ನಿಮ್ಮಪ್ಪನ ತಪ್ಪು ಕೇಳು. ಕೃಷ್ಣಗಿರಿಯಿಂದ ಗ್ರಾನೈಟ್ ತುಂಬಿಕೊಂಡು ಅತ್ತಿಬೆಲೆ ದಾಟುವಷ್ಟರಲ್ಲಿ ಬೆಳಗಾಗಿಬಿಟ್ಟಿದೆ. ಆ ಹೊತ್ತಿನಲ್ಲಿ ದೊಡ್ಡ ಗಾಡಿಗಳನ್ನು ಊರೊಳಗೆ ಬಿಡುವುದಿಲ್ಲ. ಪೆಟ್ರೋಲ್ ಬಂಕಿನವರು ಜಾಗವಿಲ್ಲವೆಂದು ಓಡಿಸಿದ್ದಾರೆ. ಎಲ್ಲರಂತೆ ಇವರೂ ರಸ್ತೆಯಂಚಿಗೆ ತಂದು ನಿಲ್ಲಿಸಿದ್ದಾರೆ. ಹಿಂದಿನ ಲೈಟು ಒಂದು ಉರಿಯುತ್ತಿರಲಿಲ್ಲ. ಬಲಗಡೆಯ ಚಕ್ರಗಳು ಬಿಳಿಗೆರೆ ದಾಟಿ ರಸ್ತೆಯ ಮೇಲೇ ಇದ್ದವು. ಹಿಂದೆ ಎರಡು ಕಲ್ಲು, ಅದರ ಮೇಲೊಂದು ಹೊಂಗೆಸೊಪ್ಪಿನ ಕೊಂಬೆ. ಹಿಂದೆ ಬರುವವರ ಎಚ್ಚರಿಕೆಗೆ ಇಡುವ ಕೆಂಪು ಮಿಂಚುವ ತ್ರಿಕೋನ ಸೀಟಿನ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಹೊಸದಾಗಿಯೇ ಇತ್ತು. "ಇಷ್ಟು ವರ್ಷ ಗಾಡಿ ಓಡ್ಸಿದೀರಿ, ಅದನ್ನ ತೆಗೆದು ಇಡೋದಕ್ಕೆ ಕೈ ಬರ್ಲಿಲ್ವಾ?" ಎಂದು ಕೇಳಿದೆ. "ಎಲ್ರೂ ಕಲ್ಲೇ ಇಡೋದು ಗೋವಿಂದಿ" ಎಂದರು. ಆ ಉತ್ತರ ಕೇಳಿ ನನಗೆ ಬಂದ ಕೋಪ, ಗುದ್ದಿದ ಸುದ್ದಿ ಕೇಳಿದಾಗಲೂ ಬಂದಿರಲಿಲ್ಲ.

ಮಂಜು ಮುಸುಕಿತ್ತಂತೆ. ಇವರು ಗಾಡಿಯ ಮುಂದೆ ಟೀ ಹಿಡಿದು ನಿಂತಿದ್ದಾಗ ಸೈರನ್ ಕೇಳಿದೆ, ಅದು ಮುಗಿಯುವ ಮೊದಲೇ ಲಾರಿ ಅಷ್ಟು ಭಾರ ಹೊತ್ತೂ ಅಲುಗಿದೆ. ಓಡಿ ಹೋಗಿ ನೋಡಿದರೆ ಜೀಪಿನ ಮೂತಿ ಲಾರಿಯ ಕೆಳಗೆ, ಒಳಗೆ ಚನ್ನವೀರ. ಪಕ್ಕದಲ್ಲಿದ್ದ ಸಾಹೇಬರು ಕೈ ಮುರಿದುಕೊಂಡು ಪಾರಾದರು. ಚನ್ನವೀರ ಇವರ ಗುರುತು ಹಿಡಿದು "ಅಂಕಲ್" ಅಂದನಂತೆ. ಜಾಕ್ ಹಾಕಿ ತಗಡು ಎತ್ತಿ ಅವನನ್ನು ಎಳೆದು ತೆಗೆದು, ತರಕಾರಿಯ ಟೆಂಪೋದಲ್ಲಿ ಮಡಿಲ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ತಂದವರು ನಿಮ್ಮಪ್ಪನೇ. ಇದನ್ನು ನಿನಗೆ ಯಾರೂ ಹೇಳಿರಲಾರರು. ಅಲ್ಲಿಂದಲೇ ಅವರನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದರು. ಜಾಮೀನಿನ ಮೇಲೆ ಮನೆಗೆ ಬಂದವರು ಅಂಗಿ ಬದಲಿಸದೆ ಗೋಡೆಗೆ ಒರಗಿ ಕುಳಿತುಬಿಟ್ಟರು.

ನಾನು ಜಯನಗರದ ಆಸ್ಪತ್ರೆಗೆ ದಿನವೂ ಗಂಜಿ ಒಯ್ಯತೊಡಗಿದೆ. ಹಾವೇರಿ ಕಡೆಯಿಂದ ಚನ್ನವೀರನ ಅವ್ವ ಬಂದಿದ್ದರು. ನನ್ನನ್ನು ಯಾರೋ ಗೆಳೆಯನ ತಾಯಿಯೆಂದುಕೊಂಡು ಕೈಹಿಡಿದು ಅಳುತ್ತಿದ್ದರು. ನಿಜ ಹೇಳಲು ಬಾಯಿ ಬರಲಿಲ್ಲ. ಕೊನೆಗೆ ಕಾವಲಿಗಿದ್ದ ಕಾನ್ಸ್‌ಟೇಬಲ್ಲೇ ಹೇಳಿಬಿಟ್ಟ. ಆಕೆ ನನ್ನ ಡಬ್ಬಿಯನ್ನು ತಳ್ಳಿ, "ನೀವ ಏನು ಆ ಲಾರಿಯಾಂವನ ಹೇಂತಿ? ನನ್ನ ಮಗನ ಕಾಲ ಮುರದು ಗಂಜಿ ಕುಡಸಾಕ ಬಂದೀರೇನು?" ಎಂದರು. ಗಂಜಿ ನೆಲದ ಮೇಲೆಲ್ಲ ಚೆಲ್ಲಿತು. ನಾನು ಸೆರಗಿನಿಂದ ಒರೆಸಲು ಬಗ್ಗಿದೆ. ಆಗ ಮಂಚದಿಂದ ಚನ್ನವೀರ ಹೇಳಿದ: "ಯವ್ವಾ, ಸುಮ್ಕಿರು. ಲಾರಿ ನಿಂತಿತ್ತು. ಹೋಗಿ ಬಡದಾಂವ ನಾನು. ಸ್ಪೀಡಿನ ಮುಳ್ಳು ನೂರಾ ಇಪ್ಪತ್ತರ ಮ್ಯಾಲಿತ್ತು."

ಕಳ್ಳನ ಬೆನ್ನು ಹತ್ತಿದ್ದನೇ? ಇಲ್ಲ. ಯಾರದಾದರೂ ಜೀವ ಉಳಿಸಲು ಹೊರಟಿದ್ದನೇ? ಅದೂ ಇಲ್ಲ. ಯಾರೋ ದೊಡ್ಡವರ ಕಾರು ಟೋಲ್ ದಾಟುವ ಮೊದಲು ಅಲ್ಲಿ ಹೋಗಿ ನಿಂತಿರಬೇಕಿತ್ತಂತೆ. ಆ ಮಂಜಿನಲ್ಲಿ ಸಾಹೇಬರು "ಒತ್ತೋ, ಲೇಟಾಗ್ತದೆ" ಎಂದರಂತೆ, ಇವನು ಒತ್ತಿದನಂತೆ. ಆ ದೊಡ್ಡವರು ಅಂದು ಮನೆಯಿಂದ ಹೊರಟದ್ದೇ ಮಧ್ಯಾಹ್ನದ ಊಟವಾದ ಮೇಲೆ. ಇದನ್ನು ಹೇಳುವಾಗ ಚನ್ನವೀರ ನಕ್ಕ. ಅವನ ಅವ್ವ ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತು ಗಂಜಿ ಒರೆಸತೊಡಗಿದರು.

ಮೊನ್ನೆ ತಡೆಯಲಾರದೆ ಬಸ್ಸು ಹತ್ತಿ ಆ ಜಾಗ ನೋಡಲು ಹೋದೆ. ಒಡೆದ ಗಾಜು ಇನ್ನೂ ಅಲ್ಲೇ ಬಿದ್ದಿತ್ತು, ಅದರ ಪಕ್ಕದಲ್ಲೇ ಸಾಲಾಗಿ ಲಾರಿಗಳು. ಒಬ್ಬ ಡ್ರೈವರನಿಗೆ, ಆ ಕೆಂಪು ತ್ರಿಕೋನ ಇಡಪ್ಪಾ ಎಂದೆ. "ಆಂಟಿ, ಹೋಗಿ ಆ ಜೀಪ್‌ನವ್ರಿಗೆ ಹೇಳಿ, ನಿಧಾನಕ್ಕೆ ಹೋಗಿ ಅಂತ" ಎಂದ. ಸ್ವಲ್ಪ ಮುಂದೆ ಹೈವೇ ಪೊಲೀಸ್ ಗಾಡಿ ನಿಂತಿತ್ತು, ಅವರಿಗೂ ಹೇಳಿದೆ. "ನಮಗೇನಮ್ಮ ಹೇಳ್ತೀರಾ, ಮೊದ್ಲು ಆ ಲಾರಿಯವ್ರಿಗೆ ಹೇಳಿ" ಎಂದರು. ಲಾರಿಗಳು ನಿಲ್ಲಲು ಜಾಗ ಯಾರು ಮಾಡಿಕೊಡಬೇಕೆಂದು ಕೇಳಿದರೆ ಇಬ್ಬರೂ ಆಕಾಶ ನೋಡಿದರು. ನಾನು ಅಲ್ಲಿ ನಿಂತಿದ್ದಾಗಲೇ ಇನ್ನೊಂದು ಜೀಪು ಕೂಗಿಕೊಂಡು ಹೋಯಿತು. ಅದರ ಗಾಳಿಗೆ ನನ್ನ ಸೆರಗು ಹಾರಿತು. ವಾಪಸು ಬರುವ ಬಸ್ಸಿನಲ್ಲಿ, ಊರೆಲ್ಲ ನನ್ನನ್ನು ಹುಚ್ಚಿಯೆಂದುಕೊಂಡಿದೆ ಅನ್ನಿಸಿತು.

ಈಗ ನಿನ್ನ ವಿಷಯ. ಯುಗಾದಿಗೆ ಬಂದಾಗ ನೀನು ಕಾಲ ಮೇಲೆ ಕಾಲು ಹಾಕಿಕೊಂಡು, "ಬೆಳಗಾವಿಯಿಂದ ಧಾರವಾಡಕ್ಕೆ ನಲವತ್ತು ನಿಮಿಷ ಕಣಮ್ಮ, ಸೈರನ್ ಹಾಕಿದ್ರೆ ಯಾರು ಅಡ್ಡ ಬರ್ತಾರೆ?" ಎಂದಿದ್ದೆ. ನಿಮ್ಮಪ್ಪ ಹೆಮ್ಮೆಯಿಂದ ನಕ್ಕಿದ್ದರು, ನಾನೂ ಪಾಯಸ ಬಡಿಸಿದ್ದೆ. ಅಡ್ಡ ಬರಲು ಯಾರೂ ಬೇಕಿಲ್ಲ, ಸುಮ್ಮನೆ ನಿಂತಿದ್ದರೂ ಸಾಕು. ನೀನು ಅಪ್ಪನ ಮೇಲೆ ಸಿಟ್ಟು ಮಾಡು, ಬೇಡವೆನ್ನುವುದಿಲ್ಲ. ಅದು ನ್ಯಾಯವೇ. ಆದರೆ ಅರ್ಧ ಸಿಟ್ಟನ್ನು ನಿನ್ನ ಬಲಗಾಲಿನ ಮೇಲೂ ಇಟ್ಟುಕೋ. ಆ ಹುಡುಗನಿಗೆ ಮೊಣಕಾಲಿನ ಕೆಳಗೆ ತೆಗೆದುಬಿಟ್ಟಿದ್ದು ಅದನ್ನೇ.

ಅಜ್ಜಿಯ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು, ನಿನ್ನ ಫೋಟೋ ಹತ್ತಿರ ಹಿಡಿದುಕೊಂಡು ದಪ್ಪ ಆಗಿದ್ದಾನೆ ಎನ್ನುತ್ತಾರೆ. ಪಕ್ಕದ ಮನೆಯ ಶಾಲಿನಿ ನಿನ್ನನ್ನು ಕೇಳಿದಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ವರ್ಷ ಬಾಳು, ಎರಡೂ ಕಾಲಿನ ಮೇಲೆ ನಿಂತು ಬಾಳು.

ನಿನ್ನ ಅಮ್ಮ,
ಗೋವಿಂದಮ್ಮ

ತಾ.ಕ.: ಕವರ್ ಅಂಟಿಸುವಷ್ಟರಲ್ಲಿ ಚನ್ನವೀರನ ಫೋನ್ ಬಂತು. ಮುಂದಿನ ವಾರ, ಇಪ್ಪತ್ತನೇ ತಾರೀಖು ಬುಧವಾರ ಇಲಾಖೆಯ ವಿಚಾರಣೆಯಂತೆ, ಅವನನ್ನೂ ಅಪ್ಪನನ್ನೂ ಕರೆದಿದ್ದಾರೆ. ಜೀಪು ಅರವತ್ತರಲ್ಲಿತ್ತು ಎಂದು ಹೇಳಲು ಅವನಿಗೆ ಮೇಲಿನವರು ಹೇಳಿಕೊಟ್ಟಿದ್ದಾರೆ. ಲಾರಿ ಆಕ್ಸಲ್ ಮುರಿದು ನಿಂತಿತ್ತು ಎಂದು ಹೇಳಲು ಅಪ್ಪನಿಗೆ ವಕೀಲರು ಹೇಳಿಕೊಟ್ಟಿದ್ದಾರೆ. ಚನ್ನವೀರ ನೂರಿಪ್ಪತ್ತು ಎಂದೇ ಹೇಳುತ್ತಾನಂತೆ. ಕೆಲಸ ಹೋದರೂ ಹೋಗಲಿ ಎಂದ. ಸ್ಪೀಕರಿನಲ್ಲಿ ಇದನ್ನು ಕೇಳಿಸಿಕೊಂಡ ಅಪ್ಪ ಎದ್ದು ಹೋಗಿ, ಇಷ್ಟು ದಿನದ ಮೇಲೆ ಗಡ್ಡ ಬೋಳಿಸಿಕೊಂಡು ಬಂದು, "ನಾನೂ ಇದ್ದದ್ದು ಇದ್ದ ಹಾಗೆ ಹೇಳ್ತೀನಿ" ಎಂದರು. ಇಬ್ಬರೂ ನಮ್ಮ ಮನೆಯಿಂದಲೇ ಒಂದೇ ಆಟೋದಲ್ಲಿ ಹೊರಡುತ್ತಾರೆ. ಊರುಗೋಲು ಹಿಡಿದು ಮೆಟ್ಟಿಲು ಹತ್ತುವವನಿಗೆ ಒಂದು ಹೆಗಲು ಬೇಕು, ಅಪ್ಪನಿಗೂ ಬೇಕು. ರಜೆ ಹಾಕಿ ಬಾ. ಬಸ್ಸಿನಲ್ಲಿ ಬಾ, ಯಾರ ಗಾಡಿಯನ್ನೂ ಓಡಿಸಿಕೊಂಡು ಬರಬೇಡ. ತಡವಾದರೆ ಆಗಲಿ, ನೀನು ಬರುವವರೆಗೆ ಆಟೋ ಬಾಗಿಲಲ್ಲೇ ನಿಂತಿರುತ್ತದೆ.