ಚೇರಿನ ಮರದ ಮೇಲೆ ಹೊರಿಸಿದ ತಪ್ಪು

ಮುಳ್ಳನ್‌ಕೊಲ್ಲಿ, ವಯನಾಡು ಜಿಲ್ಲೆ
೧೨ ಮಾರ್ಚ್ ೧೯೮೩

ಶಾಂತಳ ಅಪ್ಪನವರಿಗೆ, ಅವಳ ಅವ್ವ ಮಾಡುವ ನಮಸ್ಕಾರಗಳು.

ಹದಿನೆಂಟು ವರ್ಷದ ಮೇಲೆ ಬರೆಯುತ್ತಿದ್ದೇನೆ, ನನ್ನ ಕೋಳಿಕಾಲಿನ ಅಕ್ಷರ ನೋಡಿ ನಗಬೇಡಿ. ನೀವು ಗುಂಡ್ಲುಪೇಟೆಯಲ್ಲಿ ತಂಗಿಯ ಮನೆಯಲ್ಲಿರುವುದು ನನಗೆ ಮೊದಲಿನಿಂದಲೂ ಗೊತ್ತು. ಉತ್ತರ ಬರೆದರೆ ಕೋಝಿಕ್ಕೋಡ್ ಜಿಲ್ಲೆ ಎಂದು ಹಾಕಬೇಡಿ, ನಮಗೀಗ ನಮ್ಮದೇ ಜಿಲ್ಲೆಯಾಗಿದೆ.

ನಿಮ್ಮ ಕುತ್ತಿಗೆ, ಕಂಕುಳಲ್ಲಿ ಗುಳ್ಳೆಯೆದ್ದು ಒಡೆಯುತ್ತಿತ್ತಲ್ಲ. ಮೆಣಸು ಕೊಯ್ಯುವಾಗ ಚೇರಿನ ಮರದ ಹಾಲು ತಗುಲಿತೆಂದುಕೊಂಡು, ಆ ನಂಜು ಇಳಿಯಲೆಂದು ನಿಮ್ಮಿಂದ ತಾರೆ ಮರಕ್ಕೆ ಏಳು ಸುತ್ತು ಹಾಕಿಸಿದೆ. ಪ್ರತಿ ಬೇಸಿಗೆಯಲ್ಲೂ ಮರುಕಳಿಸಿದಾಗ ಕುಷ್ಠವೆಂದು ಹೆದರಿ ನಿಮ್ಮ ಚಾಪೆಯನ್ನು ಕೊಟ್ಟಿಗೆಗೆ ಹಾಕಿದೆ. ಮಗಳು ನಿಮ್ಮನ್ನು ಮುಟ್ಟಿದರೆ ಕೈ ತೊಳೆಸುತ್ತಿದ್ದೆ. ನೀವು ಮನೆ ಬಿಟ್ಟು ಹೊರಟುಹೋದಿರಿ.

ಈಗ ಶಾಂತಳಿಗೂ ಬಂದಿದೆ. ಕುತ್ತಿಗೆಯಲ್ಲಲ್ಲ, ಬೆನ್ನ ತುಂಬ. ಅದಕ್ಕೇ ಇದು ನಿಮಗಿದ್ದದ್ದೇ ಎಂದು ನನಗೆ ಹೊಳೆಯಲಿಲ್ಲ. ನಾಚಿಕೆಗೇಡು, ಚೇರಿನ ನಂಜೆಂದೇ ಅವಳಿಂದಲೂ ತಾರೆ ಮರ ಸುತ್ತಿಸಿದೆ. ಬತ್ತೇರಿಯ ಡಾಕ್ಟರ್ ಬಾಲಕೃಷ್ಣನ್ ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಇದು ಅಂಟುವುದಿಲ್ಲವಂತೆ. ಹೆತ್ತವರಿಂದ ಬರುತ್ತದಂತೆ, ವಯಸ್ಸಿಗೆ ಬಂದ ಮೇಲೆ ಕಾಣಿಸುತ್ತದಂತೆ. ಮೈ ಮಡಿಕೆಗಳಲ್ಲಿ ಬರುವುದೇ ಹೆಚ್ಚು, ಹೀಗೆ ಬೆನ್ನಿಗೆ ಮಾತ್ರ ಬರುವುದು ಅಪರೂಪವಂತೆ. ಕೇಳುತ್ತ ಕೇಳುತ್ತ ನಿಮಗಿದ್ದದ್ದೂ ಇದೇ ಎಂದು ತಿಳಿಯಿತು. ತಪ್ಪಿಲ್ಲದ ನಿಮ್ಮನ್ನು ನಾನು ಮನೆಯಿಂದ ಓಡಿಸಿದೆ.

ಅಳಿಯ ಚೆನ್ನ ಡಾಕ್ಟರ ಮಾತು ನಂಬುತ್ತಿಲ್ಲ. "ನಿಮ್ ಮನೇಲಿ ಯಾರ್ಗಿತ್ತು, ತೋರ್ಸಿ. ಆಮೇಲ್ ಕರ್ಕೊಂಡೋಯ್ತೀನಿ" ಎಂದು ಅವಳನ್ನು ಇಲ್ಲಿ ಬಿಟ್ಟು, ಎರಡು ವರ್ಷದ ಕೂಸನ್ನು ಎತ್ತಿಕೊಂಡು ಪಯ್ಯಂಪಳ್ಳಿಗೆ ಹೋದ. ಶಾಂತ ಅನ್ನ ಮುಟ್ಟುತ್ತಿಲ್ಲ. ಕೂಸಿನ ಲಂಗ ಹಿಡಿದುಕೊಂಡು ಕೂತಿರುತ್ತಾಳೆ.

ನೀವು ಬರಬೇಕು. ಚೆನ್ನನ ಮುಂದೆ ನಿಮ್ಮ ಕುತ್ತಿಗೆ ತೋರಿಸಬೇಕು. ಹತ್ತು ವರ್ಷ ನಿಮ್ಮೊಡನೆ ಬಾಳಿದ ನನ್ನ ಮೈಮೇಲೆ ಒಂದು ಗುಳ್ಳೆಯೂ ಏಳಲಿಲ್ಲವೆಂದು ನಾನು ಹೇಳುತ್ತೇನೆ. ನನ್ನ ಮುಖ ನೋಡಬೇಡಿ, ನನ್ನೊಡನೆ ಮಾತಾಡಬೇಡಿ. ಮಗಳಿಗಾಗಿ ಬನ್ನಿ.

ನಿಮ್ಮವಳೆಂದು ಬರೆಯಲು ಮುಖವಿಲ್ಲದ
ಪುಟ್ಟಗೌರಮ್ಮ

ತಾ.ಕ.: ಹೊರಡುವ ಮೊದಲು ಒಂದು ಕಾರ್ಡು ಹಾಕಿ. ನೀವು ಕಬಿನಿ ದಾಟುವಾಗ ಮುಳುಗಿಹೋದಿರಿ, ಹೆಣ ಸಿಗಲಿಲ್ಲ ಎಂದು ಶಾಂತಳಿಗೆ ಹೇಳಿದ್ದೆ. ಪ್ರತಿ ಪಿತೃಪಕ್ಷದಲ್ಲೂ ನಿಮ್ಮ ಹೆಸರಿನಲ್ಲಿ ಅವಳೇ ಎಡೆ ಇಡುತ್ತಾಳೆ. ನೀವು ಬದುಕಿದ್ದೀರೆಂದು ಅವಳಿಗೆ ಹೇಳಲು ನನಗೆ ಎರಡು ದಿನವಾದರೂ ಬೇಕು.