ಮೂಲೆಗಲ್ಲಿನ ನೂಲು

ಲಿಪೋವೊ, ಗಾಬ್ರೋವೊ ಜಿಲ್ಲೆ
ಸೆಪ್ಟೆಂಬರ್ 24, ಅಂಗಳದಲ್ಲಿ ಮೆಣಸಿನಕಾಯಿ ಸುಡುವ ಕಾಲ

ಪ್ರೀತಿಯ ದೋಬ್ರಿ ಅಣ್ಣಾ,

ಹೇಗಿದ್ದೀಯ? ಸಮುದ್ರದ ಗಾಳಿಗೆ ಎದೆ ಕಟ್ಟುವುದಿಲ್ಲ ತಾನೆ? ಚಿಕ್ಕಂದಿನಲ್ಲಿ ಚಳಿ ಬಿದ್ದರೆ ಸಾಕು, ನೀನು ಕೆಮ್ಮಿ ಕೆಮ್ಮಿ ಮನೆಯವರನ್ನೆಲ್ಲ ಎಬ್ಬಿಸುತ್ತಿದ್ದೆ. ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಕೇಳುತ್ತೇನೆ. ಕಾಗದ ಅಂದಮೇಲೆ ಮೊದಲು ಆರೋಗ್ಯ ಕೇಳಬೇಕು ಎಂದು ನನಗೆ ಕಲಿಸಿದವನು ನೀನೇ. ಮೂವತ್ತು ವರ್ಷದಿಂದ ನೀನು ಬರೆಯುವುದು ಹೊಸ ವರ್ಷಕ್ಕೊಂದು ಕಾರ್ಡು, ಅದರಲ್ಲಿ ಒಂದೇ ಮಾತು: ‘ಬದುಕಿದ್ದೇನೆ.’ ಇನ್ನೆರಡು ಸಾಲು ಗೀಚಿದರೆ ಅಂಚೆಯವರೇನು ಬೇಡ ಅನ್ನುತ್ತಾರಾ? ಈ ವರ್ಷ ಅದೂ ಬರಲಿಲ್ಲ. ಜನವರಿಯಲ್ಲಿ ಅಂಚೆ ತಡವಾಗಿದೆ ಅಂದುಕೊಂಡೆ, ವಸಂತ ಬಂದಾಗ ನೀನು ಮರೆತೆ ಅಂದುಕೊಂಡೆ. ಈಗ ಏನೂ ಅಂದುಕೊಳ್ಳುತ್ತಿಲ್ಲ. ವಾರ್ನಾಕ್ಕೆ ಬಸ್ಸಿದೆ, ಬಂದುಬಿಡಬಹುದಿತ್ತು. ನಿನ್ನ ಮನೆಯ ಬಾಗಿಲನ್ನು ಬೇರೆ ಯಾರಾದರೂ ತೆರೆದರೆ ಏನು ಮಾಡಲಿ ಎಂಬ ಹೆದರಿಕೆಗೆ ಬರಲಿಲ್ಲ.

ಅಮ್ಮ ಇದ್ದಾಳೆ. ಕಣ್ಣು ಹೋಗಿದೆ, ನಾಲಿಗೆ ಗಟ್ಟಿಯಾಗಿದೆ. ಮೆಣಸಿನಕಾಯಿಯ ಸಿಪ್ಪೆ ಸುಲಿಯುವಾಗ ಕೈಯಲ್ಲೇ ನೋಡಿ, ನಾನು ಬಿಟ್ಟ ಚೂರನ್ನು ಹುಡುಕಿ ಬೈಯುತ್ತಾಳೆ. ಕ್ರಿಸ್‌ಮಸ್ ಹಿಂದಿನ ಸಂಜೆ ಇವತ್ತಿಗೂ ನಿನ್ನ ತಟ್ಟೆ ಇಡಬೇಕು, ಅದರಲ್ಲಿ ಮೊದಲ ತುಂಡು ರೊಟ್ಟಿ ಹಾಕಬೇಕು. ಹಾಕದಿದ್ದರೆ ಊಟಕ್ಕೆ ಕೂರುವುದಿಲ್ಲ.

ಈಗ ಡೇರಿಯ ಸುದ್ದಿ. ಅಪ್ಪ ಕಟ್ಟಿದ ಡೇರಿಯ ಸುದ್ದಿ ನಿನಗೆ ಬೇಡ, ಗೊತ್ತು. ಆದರೂ ಓದು. ಯುದ್ಧ ಶುರುವಾದ ಮೇಲೆ ಬಲ್ಗೇರಿಯಾದ ಸಣ್ಣಪುಟ್ಟ ಕಾರ್ಖಾನೆಗಳಿಗೆಲ್ಲ ಕರೆಂಟು ಬಿಲ್ಲೇ ಯಮನಾಯಿತು. ನಮ್ಮದು ಹಾಲು ತಂಪು ಮಾಡುವ ಕೆಲಸ. ಕಂಪ್ರೆಸರ್ ನಿಂತರೆ ಮೊಸರೂ ಇಲ್ಲ, ಚೀಸೂ ಇಲ್ಲ. ಮರ ಕೊಯ್ಯುವ ಮಿಂಕೊ ತನ್ನ ಚಾವಣಿಗೆ ಸೋಲಾರ್ ಹಾಕಿಸಿಕೊಂಡು ಬಿಲ್ಲನ್ನು ಅರ್ಧಕ್ಕೆ ಇಳಿಸಿದ್ದ. ದಿನಾ ಮೊಸರಿಗೆ ಬಂದವನು, “ವೆಲಿಚ್ಕಾ, ನೀನು ಚೀಸ್ ಮಾಡ್ತಿರೋದು ಕರೆಂಟಿನವರಿಗೆ ಕಣೇ, ಜನಕ್ಕಲ್ಲ” ಎಂದು ಚುಚ್ಚಿ ಹೋಗುತ್ತಿದ್ದ. ಈ ಚಳಿಗಾಲದೊಳಗೆ ಏನಾದರೂ ಮಾಡದಿದ್ದರೆ ಬಾಗಿಲು ಹಾಕುವುದೇ ಎಂದು ನನಗೂ ಕಾಣುತ್ತಿತ್ತು. ಅವನು ಕರೆಸಿದ್ದ ಇಂಜಿನಿಯರ್ ಹುಡುಗಿ ಕಲೀನಾಳನ್ನೇ ಕರೆಸಿದೆ.

ಬಂದವಳು ಚಾವಣಿ ಹತ್ತುವ ಮೊದಲು ತಂಪುಕೋಣೆಗೆ ಹೋದಳು. ಬಾಗಿಲ ರಬ್ಬರು ಹರಿದದ್ದು ನೋಡಿ ತಲೆ ಚಚ್ಚಿಕೊಂಡಳು. ಮನೆಯ ಬಿಸಿ ಹೊರಗೆ ಹೋಗದಂತೆ ಬಾಗಿಲು ಬೇಗ ಮುಚ್ಚಲಿ ಎಂದು ಬೆಕ್ಕಿನ ಬಾಲ ಕತ್ತರಿಸುವ ಜಿಪುಣ ಜನ ಎಂದು ದೇಶವೆಲ್ಲ ನಮ್ಮ ಗಾಬ್ರೋವೊದವರನ್ನು ನೋಡಿ ನಗುತ್ತದೆ, ನಾವು ನೋಡಿದರೆ ವರ್ಷಗಟ್ಟಲೆ ಬೀದಿಗೆ ತಂಪು ಹಂಚುತ್ತಿದ್ದೆವು! “ಮೊದಲು ಪೋಲಾಗೋದನ್ನ ನಿಲ್ಸೋಣ ಚಿಕ್ಕಮ್ಮಾ, ಪ್ಯಾನೆಲ್ ಆಮೇಲೆ” ಎಂದಳು. ಆಮೇಲೆ ಕೂತು ತಿಳಿಸಿ ಹೇಳಿದಳು: “ನಿಮ್ಮಂಥವರಿಗೆ ಸೂರ್ಯನಷ್ಟು ಒಳ್ಳೆ ಪಾಲುದಾರ ಸಿಗಲ್ಲ. ಬಿಸಿಲು ಜಾಸ್ತಿ ಇದ್ದಾಗಲೇ ಅಲ್ವಾ ನಿಮ್ಮ ಕಂಪ್ರೆಸರ್ ಜಾಸ್ತಿ ದುಡಿಯೋದು? ಅದೇ ಹೊತ್ತಿಗೆ ಕರೆಂಟೂ ಬರುತ್ತೆ. ಹಗಲು ತೊಟ್ಟಿ ತುಂಬ ಐಸ್ ಕಟ್ಟಿಸೋಣ, ರಾತ್ರಿ ಹಾಲನ್ನ ಆ ಐಸೇ ತಣ್ಣಗಿಡುತ್ತೆ.” ನನಗೆ ಅರ್ಥವಾಗುವ ಹಾಗೆ ಹೇಳಿದಳಲ್ಲ ಎಂದು ಅವಳಿಗೆ ಚೀಸ್ ತುಂಬಿದ ಬಿಸಿ ಬಿಸಿ ಬಾನಿತ್ಸಾ ಮಾಡಿಕೊಟ್ಟೆ. ಆಗಸ್ಟ್ ಮುಗಿಯುವ ಮೊದಲೇ ಚಾವಣಿಯ ದಕ್ಷಿಣದ ಇಳಿಜಾರಿನ ತುಂಬ ಪ್ಯಾನೆಲ್‌ಗಳು ಕೂತವು. ನೋಡಲು ಚೆನ್ನಾಗಿದ್ದವು. ಕರೆಂಟೂ ಬಂತು.

ಆದರೆ ನಡುಮಧ್ಯಾಹ್ನ ಮಾತ್ರ ಒಂದು ಸಾಲು ಸೋಲುತ್ತಿತ್ತು. ಸಾಲಿನಲ್ಲಿ ಒಂದು ಪ್ಯಾನೆಲ್ ಮೇಲೆ ನೆರಳು ಬಿದ್ದರೆ ಉಳಿದವೂ ಅದರ ಜೊತೆ ಕುಗ್ಗುತ್ತವಂತೆ. ಕಲೀನಾ ಫೋನಿನಲ್ಲಿ ನೋಡಿ, “ದಕ್ಷಿಣದ ಮೂಲೆ ಗೋಡೆ ಮೇಲಿರೋದು ಚಿಕ್ಕಮ್ಮಾ, ಅದೊಂದೇ. ಅಲ್ಲಿ ಚಿಮಣಿ ಇಲ್ಲ, ಮರ ಇಲ್ಲ, ತಂತಿ ಕೂಡ ಇಲ್ಲ” ಎಂದಳು. ಪ್ಯಾನೆಲ್ ಕೆಟ್ಟಿದೆ ಎಂದು ಬೇರೆ ಹಾಕಿದಳು. ಮರುದಿನ ಮಧ್ಯಾಹ್ನ ಅದೂ ಕುಗ್ಗಿತು. ದಕ್ಷಿಣದ ಮೂಲೆ ಎಂದ ಕೂಡಲೇ ನನಗೆ ಆ ಗೋಡೆ ಎದ್ದ ದಿನ ನೆನಪಾಗಿತ್ತು ಅಣ್ಣಾ. ಅವಳಿಗೆ ಹೇಳಲಿಲ್ಲ. ನಾನೇ ಏಣಿ ಹತ್ತಿದೆ.

ಮೋಡ ಒಂದು ಚೂರೂ ಇರಲಿಲ್ಲ. ಸುತ್ತಲಿನ ಪ್ಯಾನೆಲ್‌ಗಳು ಮುಟ್ಟಿದರೆ ಸುಡುತ್ತಿದ್ದವು, ಅದೊಂದು ತಂಪುಕೋಣೆಯ ಗೋಡೆಯಂತೆ ತಣ್ಣಗಿತ್ತು. ಅದರ ಮೇಲೆ ಒಂದು ನೆರಳು ಮಲಗಿತ್ತು. ಆ ನೆರಳು ಬೀಳಬೇಕಾದರೆ ಸೂರಿನಾಚೆ ಬರೀ ಗಾಳಿಯಲ್ಲಿ ಯಾರಾದರೂ ನಿಂತಿರಬೇಕು. ಗಿಡ್ಡ ನೆರಳು, ಭುಜ ಒಂದು ಕಡೆಗೆ ವಾಲಿತ್ತು, ಆ ಕಡೆಯ ಕೈಯಲ್ಲಿ ಏನೋ ತೂಗುತ್ತಿತ್ತು. ಅಪ್ಪನಿಗೆ ಬುತ್ತಿ ಒಯ್ಯುವ ಡಬ್ಬಿ ಅದು. ತಂಗಿಗೆ ಗುರುತು ಸಿಗುವುದಿಲ್ಲವೇ? ನಾನು ನಿನ್ನ ಹೆಸರು ಹಿಡಿದು ಕೂಗಿದೆ. ಅದು ಅಲುಗಲಿಲ್ಲ. ಹೊತ್ತು ಇಳಿದ ಮೇಲೆ ಸರಿದುಹೋಯಿತು.

ಡೇರಿಯ ಗೋಡೆ ಕಟ್ಟುತ್ತಿದ್ದ ಆ ದಿನ ನಾನೂ ಅಲ್ಲಿದ್ದೆ, ಚಿಕ್ಕವಳು, ಸುಣ್ಣದ ಗುಡ್ಡೆಯಲ್ಲಿ ಆಡುತ್ತಿದ್ದೆ. ಆ ಮೂಲೆ ಗೋಡೆ ಎರಡು ಸಲ ಎದ್ದು ಎರಡು ಸಲ ಬಿದ್ದಿತ್ತು. ಮೇಸ್ತ್ರಿ ಗೆಂಚೊ ಹಳೇ ಕಾಲದವನು. ದಾರಿಯಲ್ಲಿ ಹೋಗುವವನ ನೆರಳನ್ನು ಅವನಿಗೆ ತಿಳಿಯದ ಹಾಗೆ ನೂಲಿನಲ್ಲಿ ಅಳೆದು, ಆ ನೂಲನ್ನು ಕಲ್ಲಿನ ಕೆಳಗಿಟ್ಟು ಕಟ್ಟಿದರೆ ಗೋಡೆ ಬೀಳುವುದಿಲ್ಲ, ನೆರಳಿನವನು ನಲವತ್ತು ದಿನದಲ್ಲಿ ಸತ್ತುಹೋಗುತ್ತಾನೆ, ಆಮೇಲೆ ಆ ಕಟ್ಟಡವನ್ನು ಕಾಯುತ್ತಾನೆ ಎಂದು ನಂಬಿದವನು. ಯಾರೋ ಅಪರಿಚಿತ ಬರಲಿ ಎಂದು ಅಪ್ಪನೂ ಅವನೂ ಕಾದಿದ್ದರು. ಬಂದವನು ನೀನು, ಬುತ್ತಿ ಹಿಡಿದುಕೊಂಡು. ಮೇಸ್ತ್ರಿ ಮುಖ ನೋಡದೆ ನೆಲದ ನೆರಳನ್ನಷ್ಟೇ ಅಳೆದು ಕಲ್ಲು ಇಟ್ಟುಬಿಟ್ಟಿದ್ದ. ಯಾರ ನೆರಳು ಎಂದು ತಿಳಿದಾಗ ಅಪ್ಪ ಬಿಳಿಚಿಕೊಂಡ. “ತೆಗೆದುಬಿಡಪ್ಪಾ” ಎಂದು ನೀನು ನಗುತ್ತಲೇ ಹೇಳಿದೆ. “ಮೂರನೇ ಸಲವೂ ಬಿದ್ರೆ ಮತ್ತೆ ಕಟ್ಟೋ ಶಕ್ತಿ ನನಗಿಲ್ಲ, ಇದೆಲ್ಲಾ ಮುದುಕರ ಮಾತು, ಸುಮ್ನಿರು” ಎಂದ ಅಪ್ಪ. ಮುದುಕರ ಮಾತಾಗಿದ್ದರೆ ತೆಗೆಯುವುದಕ್ಕೆ ಏನು ಕಷ್ಟವಿತ್ತು? ನೀನು ಆಗ ನಗುವುದನ್ನು ನಿಲ್ಲಿಸಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಆಮೇಲೆ ಊರು ನಿನ್ನನ್ನು ನೋಡುವ ರೀತಿಯೇ ಬೇರೆಯಾಯಿತು. ಹೆಣ್ಣು ಕೊಡುತ್ತೇವೆಂದವರು ಹಿಂದೆಗೆದರು. ಪಕ್ಕದ ಮನೆಯವಳು ಸತ್ತವರ ಹೆಸರಿನಲ್ಲಿ ಹಂಚುವ ಗೋಧಿಯನ್ನು ನಿನಗಾಗಿ ಆಗಲೇ ನೆನೆಹಾಕಿದ್ದಾಳೆಂದು ಕೇಳಿ ಅಮ್ಮ ಸೌಟು ಹಿಡಿದು ಅವಳ ಮನೆ ಮುಂದೆ ನಿಂತಿದ್ದಳು. ನಲವತ್ತು ದಿನ ತುಂಬುವ ಮೊದಲೇ ನೀನು ವಾರ್ನಾದ ಬಸ್ಸು ಹತ್ತಿದೆ. ಗೋಡೆ ನಿಂತಿತು.

ಕಲೀನಾಗೆ ಎಲ್ಲ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ. “ಅದೇನೋ ನನಗೆ ಗೊತ್ತಿಲ್ಲ ಚಿಕ್ಕಮ್ಮಾ, ನೆರಳಿಗೆ ಮಾತ್ರ ಮದ್ದಿದೆ. ಆ ಪ್ಯಾನೆಲ್‌ಗೆ ಬೇರೆ ಒಂದು ಪುಟ್ಟ ಪೆಟ್ಟಿಗೆ ಹಾಕ್ತೀನಿ. ಅದೊಂದು ಮಂಕಾಗಿದ್ರೂ ಉಳಿದವು ಪೂರ್ತಿ ದುಡೀತವೆ, ನಿಮಗೆ ನಷ್ಟ ಇಲ್ಲ” ಎಂದಳು. ಜೊತೆಗೇ ಕೇಳುತ್ತಿದ್ದ ಮಿಂಕೊಗೆ ಬಹಳ ಖುಷಿ. “ಸರಿಯಾಯ್ತಲ್ಲ! ಅವನ ಪಾಡಿಗೆ ಅವನು ನಿಂತಿರಲಿ ಬಿಡು, ನಿನ್ನ ಬಿಲ್ಲಂತೂ ಇಳೀತು” ಎಂದ. ಕೆಟ್ಟ ಮನುಷ್ಯನಲ್ಲ, ಸುಮ್ಮನೆ ಅಂದ. ನನಗೆ ಅಪ್ಪನೇ ಎದ್ದು ಬಂದು ಮಾತಾಡಿದ ಹಾಗಾಯಿತು. ನಾವು ನಷ್ಟವಿಲ್ಲದೆ ಮೊಸರು ಮಾರಿಕೊಂಡಿರುವುದು, ನೀನು ಕೈಯಲ್ಲಿ ಡಬ್ಬಿ ಹಿಡಿದು ಅಲ್ಲೇ ಬಿಸಿಲಲ್ಲಿ ನಿಂತಿರುವುದು. ಅದು ನನ್ನಿಂದಾಗದು ಅಣ್ಣಾ. ಪೆಟ್ಟಿಗೆ ಬೇಡ, ಹಾರೆ ತನ್ನಿ ಅಂದೆ.

ಅಮ್ಮ ಕೋಲೂರಿಕೊಂಡು ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತಳು. “ಮುಟ್ಟಬೇಡ ವೆಲಿಚ್ಕಾ. ಅವನು ಇಲ್ಲಾದ್ರೂ ಇದ್ದಾನೆ. ಅದನ್ನೂ ಕಳ್ಕೋಬೇಕಾ?” ಎಂದಳು. ಅಷ್ಟು ವರ್ಷ ಅವಳು ಆ ಗೋಡೆಗೆ ಪ್ರತಿ ವಸಂತಕ್ಕೂ ತಾನೇ ಸುಣ್ಣ ಬಳಿದದ್ದು ಯಾಕೆಂದು ನನಗೆ ಆಗ ತಿಳಿಯಿತು. ಅವಳನ್ನು ತಬ್ಬಿಕೊಂಡು ಈಚೆಗೆ ಕರೆದುಕೊಂಡು ಬಂದೆ, ಇಬ್ಬರೂ ಅತ್ತೆವು. ಕಲೀನಾ ಚಾವಣಿಗೆ ಆಧಾರದ ಕಂಬ ಕೊಡಿಸಿದಳು. ಮೂಲೆಗಲ್ಲು ಸರಿಸಿದಾಗ ಕೆಳಗೆ ಒಂದು ಜೊಂಡಿನ ಕಡ್ಡಿ, ಅದಕ್ಕೆ ಸುತ್ತಿದ ಕೆಂಪು ನೂಲು. ಬಣ್ಣ ಕೂಡ ಮಾಸಿರಲಿಲ್ಲ. ಅಮ್ಮನ ಕೈಗಿತ್ತೆ. ಅವಳು ಬಿಡಿಸಿ, ಈ ತುದಿಯಿಂದ ಆ ತುದಿಗೆ ಬೆರಳಾಡಿಸಿ, “ಇಷ್ಟೇನಾ? ಇಷ್ಟು ಗಿಡ್ಡ ಇದ್ನಾ ನನ್ನ ಮಗ?” ಎಂದಳು. ನಡುಮಧ್ಯಾಹ್ನದ ನೆರಳು ಗಿಡ್ಡವೇ ಇರುತ್ತದೆ ಅಜ್ಜಿ ಎಂದು ಕಲೀನಾ ಹೇಳಿದಳು. ಅಮ್ಮ ಆ ನೂಲನ್ನು ಬಹಳ ಹೊತ್ತು ಕೆನ್ನೆಗೆ ಒತ್ತಿಕೊಂಡಿದ್ದಳು, ಆಮೇಲೆ “ಕಳಿಸು. ಅವನದು ಅವನಿಗೆ ಕಳಿಸು” ಎಂದಳು.

ಗೋಡೆಯಲ್ಲಿ ಕಿಟಕಿಯವರೆಗೆ ಬಿರುಕು ಬಂದಿದೆ. ನಿಲ್ಲಬಹುದು, ಬೀಳಬಹುದು. ಬಿದ್ದರೆ ಮತ್ತೆ ಕಟ್ಟುತ್ತೇವೆ, ಈ ಸಲ ಸಿಮೆಂಟಿನಲ್ಲಿ. ಡೇರಿಯೇ ಹೋದರೂ ಹೋಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹಾರೆ ಹಿಡಿಸಿದೆ. ಅಪ್ಪನಿಗೆ ಆಗದ ಕೆಲಸ ಇದೊಂದೇ ಇತ್ತು.

ಅಮ್ಮನ ಆಶೀರ್ವಾದ ನಿನಗೆ. ಬೆಚ್ಚಗೆ ಹೊದ್ದುಕೋ, ಸಮುದ್ರದ ಗಾಳಿಗೆ ಎದೆ ಒಡ್ಡಬೇಡ, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ,
ವೆಲಿಚ್ಕಾ

ತಾ.ಕ: ಅಂಚೆಯ ಗಾಡಿ ಹೊರಡುತ್ತಿದೆ, ಬೇಗ ಬರೆಯುತ್ತೇನೆ. ನೂಲು ಇದೇ ಲಕೋಟೆಯಲ್ಲಿದೆ, ಬೀಳಿಸಬೇಡ. ಕಲ್ಲು ತೆಗೆದ ಮರುದಿನದಿಂದ ಚಾವಣಿಯ ಮೇಲೆ ಆ ನೆರಳು ಬಂದಿಲ್ಲ. ಎಲ್ಲ ಪ್ಯಾನೆಲ್‌ಗಳೂ ಸಮವಾಗಿ ದುಡಿಯುತ್ತಿವೆ, ಮಿಂಕೊ ಚಪ್ಪಾಳೆ ತಟ್ಟಿದ, ನಾನು ಹೊತ್ತಿಳಿಯುವವರೆಗೆ ಆ ಮೂಲೆಯನ್ನೇ ನೋಡುತ್ತಿದ್ದೆ. ಅದು ನಿನ್ನ ಹತ್ತಿರ ಬಂತಾ, ಅಥವಾ ಕಾಯುವುದು ಮುಗಿಯಿತೆಂದು ಹೋಗಿಬಿಟ್ಟಿತಾ, ನನಗೆ ಹೇಳುವವರಿಲ್ಲ. ಅಣ್ಣಾ, ಈ ಕಾಗದ ಕೈಗೆ ಸಿಕ್ಕಿದ ಕೂಡಲೇ ಬಿಸಿಲಿಗೆ ಹೋಗಿ ನಿಲ್ಲು. ನೆಲ ನೋಡು. ನೆರಳಿದ್ದರೆ ನನಗೆ ಬರೆ. ‘ಬದುಕಿದ್ದೇನೆ’ ಅಂತ ಒಂದೇ ಮಾತಾದರೂ ಸಾಕು, ಈ ಸಲ ಬೈಯುವುದಿಲ್ಲ.