ಒಂಬತ್ತು ಸೆಕೆಂಡಿನ ದನಿ

ದನಿಮನೆ, ಇಳಕಲ್ಲು
೨೩೧೮ನೇ ಇಸವಿ, ಹದಿಮೂರನೆಯ ತಿಂಗಳ ನಾಲ್ಕು

ಹಿಂದಿನ ಕಾಲದ ಹಿರಿಯರಿಗೆ,

ತಿಂಗಳ ಲೆಕ್ಕ ವಿಚಿತ್ರವೆನಿಸಿದರೆ ಕ್ಷಮಿಸಿ. ನನ್ನ ಕೆಲವು ಮಾತುಗಳೂ ನಿಮಗೆ ಹೊಸದಾಗಿ ಕೇಳಿಸಬಹುದು. ನಾನು ಫಕೀರವ್ವ. ತೀರಿಹೋದವರ ದನಿಗಳನ್ನು ಹಳೆಯ ಗ್ರಾನೈಟ್ ಗಣಿಯೊಳಗೆ ಇಟ್ಟು ಕಾಯುವ ಕೆಲಸ ನನ್ನದು. ಈ ಜಾಗವನ್ನು ನಾವು ದನಿಮನೆ ಎನ್ನುತ್ತೇವೆ. ಬೇಸಿಗೆಯಲ್ಲೂ ಇಲ್ಲಿ ಕಂಬಳಿ ಹೊದ್ದು ಕೂರಬೇಕು. ಜನ ಬುತ್ತಿ ಕಟ್ಟಿಕೊಂಡು ಬಂದು, ಕಲ್ಲುಬೆಂಚಿನ ಮೇಲೆ ಕೂತು, ತಮ್ಮವರ ದನಿ ಕೇಳಿ ಹೋಗುತ್ತಾರೆ. ಸವೆದ ದನಿಯಲ್ಲಿ ಬಿಟ್ಟುಹೋದ ಜಾಗವನ್ನು ತಾನೇ ಊಹಿಸಿ ತುಂಬುವ ಯಂತ್ರವೊಂದಿದೆ. ಅದರ ಹೆಸರು ತುಂಬುಗ. ಅದು ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ಬಂತಂತೆ.

ಗೌರಾಬಾಯಿ ಪತ್ತಾರ ಹನ್ನೊಂದು ವರ್ಷದಿಂದ ಪ್ರತಿ ಸೋಮವಾರ ಬರುತ್ತಿದ್ದರು. ಅವರ ಮಗಳು ಸುವರ್ಣಾ ಹತ್ತೊಂಬತ್ತನೆಯ ವಯಸ್ಸಿನಲ್ಲಿ ದೋಣಿ ಮಗುಚಿ ಕೃಷ್ಣೆಯಲ್ಲಿ ಹೋದವಳು. ಕಳೆದ ತಿಂಗಳು ಗೌರಾಬಾಯಿ ಚೀಲದಿಂದ ಒಂದು ರಸೀತಿ ತೆಗೆದು ನನ್ನ ಮುಂದಿಟ್ಟರು. ಮಗಳ ದನಿಯನ್ನು ಇಲ್ಲಿ ಒಪ್ಪಿಸಿದ ದಿನ, ಆಗ ಇಲ್ಲಿದ್ದವರು ಕೊಟ್ಟದ್ದು.

“ತಂಗಿ, ಇದರಾಗ ಉದ್ದಕ ಏನೋ ಬರದಾರ. ಯಾರ ಹೆಸರ ಇದು?”

ಅದು ಅರವತ್ನಾಲ್ಕು ಅಕ್ಷರ, ಅಂಕಿಗಳ ಚೆಕ್‌ಸಮ್.

“ದನಿಯ ಹೆಬ್ಬೆಟ್ಟಿನ ಗುರುತು ಇದ್ದಂಗ, ಆಯಿ. ಫೈಲಿನಾಗ ಒಂದ ಚುಕ್ಕಿ ಬದಲಾದ್ರೂ ಇದು ಪೂರಾ ಬ್ಯಾರೆ ಬರ್ತೈತಿ,” ಎಂದೆ.

ತೋರಿಸೋಣವೆಂದು ಕಪ್ಪು ಪರದೆ ತೆರೆದು, ಚೆಕ್‌ಸಮ್ ತೆಗೆಯಲು ನಿಮ್ಮ ಕಾಲದಿಂದ ಉಳಿದುಬಂದ ಆಜ್ಞೆ ಟೈಪ್ ಮಾಡಿದೆ: ಶಾ೨೫೬ಸಮ್, ಒಂದು ಖಾಲಿ ಜಾಗ, ಆಮೇಲೆ ಫೈಲಿನ ಹೆಸರು. ಬಂದ ಸಾಲಿನ ಮೊದಲ ಅಕ್ಷರವೇ ರಸೀತಿಗೆ ಹೊಂದಲಿಲ್ಲ. ಹೆಸರು ತಪ್ಪಿರಬೇಕೆಂದು ಮತ್ತೆ ಟೈಪ್ ಮಾಡಿದೆ. ಅದೇ ಸಾಲು ಬಂತು. ರಸೀತಿಯಲ್ಲಿ ದನಿಯ ಉದ್ದ ಒಂಬತ್ತು ಸೆಕೆಂಡು ಎಂದಿತ್ತು. ನಮ್ಮ ಫೈಲು ನಲವತ್ತು ನಿಮಿಷ ಮಾತಾಡುತ್ತಿತ್ತು.

ಮುಚ್ಚಿಡಲು ಮನಸ್ಸಾಯಿತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಇದು ಮಗಳ ದನಿಯಲ್ಲ, ತುಂಬುಗ ಊಹಿಸಿ ಬೆಳೆಸಿದ್ದು ಎಂದು ಹೇಳಿಬಿಟ್ಟೆ.

“ನಂಗ ಗೊತ್ತಿತ್ತವಾ,” ಎಂದರು ಗೌರಾಬಾಯಿ. “ಮೊಣಕಾಲ ಹ್ಯಾಂಗದಾವ ಅವ್ವಾ ಅಂತ ಕೇಳತಿತ್ತು. ಮೊಣಕಾಲ ಬ್ಯಾನಿ ಬಂದದ್ದ ಆಕಿ ಹ್ವಾದ ಮ್ಯಾಲ.” ರಸೀತಿಯನ್ನು ನನ್ನತ್ತ ಸರಿಸಿದರು. “ಈಗ ಆಕಿ ದನಿ ಯಾವದು, ಇದರ ದನಿ ಯಾವದು ಅಂತ ನಂಗ ಮರೀಲಿಕ್ಕತ್ತೈತಿ. ಅದಕ್ಕ ಬಂದೀನಿ.”

ಮೂರು ದಿನ ಕೆಳಗಿನ ಸುರಂಗದ ಹಳೆಯ ಡಿಸ್ಕುಗಳನ್ನು ಹುಡುಕಿದೆ. ಹದಿನೈದು ಪ್ರತಿ ಸಿಕ್ಕವು. ಪ್ರತಿಯೊಂದರ ಹೆಸರಿನ ಮುಂದೆ ರಸೀತಿಯ ಚೆಕ್‌ಸಮ್ ಬರೆದು ಪಟ್ಟಿ ಮಾಡಿ, ಅದೇ ಆಜ್ಞೆಗೆ ‘ಮೈನಸ್ ಸಿ’ ಸೇರಿಸಿ ತಾಳೆ ನೋಡಿದೆ. ಹದಿನಾಲ್ಕು ಸಲ ಫೇಲ್ಡ್ ಎಂದು ಬಂತು. ಕೊನೆಯದಕ್ಕೆ ಓಕೆ.

ಸೋಮವಾರ ಅದನ್ನು ಕೇಳಿಸಿದೆ. ಗಾಳಿಯ ಸದ್ದು, ಒಂದು ಪಾತ್ರೆ ಉರುಳಿದ ಸದ್ದು. “ಅವ್ವಾ, ಬಾಗಲಾ ಹಾಕು, ಧೂಳ ಬರಾಕತ್ತೈತಿ.” ಆಮೇಲೆ ಒಂದು ಕೆಮ್ಮು. ಅಷ್ಟೇ. ಅದರಲ್ಲಿ ಪ್ರೀತಿಯ ಮಾತೇನೂ ಇರಲಿಲ್ಲ. ಗೌರಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಇದು ಆಕಿ,” ಎಂದರು.

ಈಗ ಅವರು ಆ ಒಂಬತ್ತು ಸೆಕೆಂಡು ಕೇಳಿ ಎದ್ದು ಹೋಗುತ್ತಾರೆ. ಇನ್ನೊಂದರ ಮಾತೆತ್ತುವುದಿಲ್ಲ.

ತಾಳೆಯಾಗದ ಫೈಲನ್ನು ಅಳಿಸಬೇಕೆಂಬುದು ಇಲ್ಲಿನ ನಿಯಮ. ಅಳಿಸುವ ಮುಂಚೆ ಒಮ್ಮೆ ತೆರೆದೆ. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಸುವರ್ಣಾಳ ದನಿಯಲ್ಲಿ ಅದು ಕೇಳಿತು: “ಅವ್ವ ಯಾಕ ಬರಲಿಲ್ಲ?”

ಗೌರಾಬಾಯಿಗೆ ಇದನ್ನು ಹೇಳಿಲ್ಲ. ಅಳಿಸಲೂ ನನಗೆ ಕೈ ಬಂದಿಲ್ಲ.

ನಿಮ್ಮಲ್ಲಿ ಒಂದೇ ಬೇಡಿಕೆ. ನಿಮ್ಮವರ ದನಿ ಹಿಡಿದಿಟ್ಟ ದಿನವೇ ಅದರ ಚೆಕ್‌ಸಮ್ ತೆಗೆಯಿರಿ. ಕೈಯಾರೆ ಕಾಗದದ ಮೇಲೆ ಬರೆದು, ಫೈಲಿನಿಂದ ದೂರ, ಯಂತ್ರದ ಕೈಗೆ ಸಿಗದ ಕಡೆ ಇಡಿ. ಈ ಪತ್ರದ ಚೆಕ್‌ಸಮ್ಮನ್ನೂ ಬೇರೆ ಹಾಳೆಯಲ್ಲಿ ಕಳಿಸಿದ್ದೇನೆ. ದಯವಿಟ್ಟು ತಾಳೆ ನೋಡಿ. ಎರಡೂ ಹೊಂದದಿದ್ದರೆ, ನೀವು ಇಷ್ಟು ಹೊತ್ತು ಓದಿದ್ದು ನನ್ನ ಮಾತಲ್ಲ.

ಫಕೀರವ್ವ ಮುದಗಲ್ಲ